ದೇವರು ಕೂಡದ ಊರಿನಲ್ಲಿ

೨೬ ಮಾರ್ಚ್ ೨೦೦೧, ಸೋಮವಾರ. ಯುಗಾದಿ

ಮಕ್ಕಳ ಹಾಜರಿ: ಇಲ್ಲ. ಆಹಾರ: ಇಲ್ಲ. ವಿಶೇಷ:

ಕೈ ತಾನಾಗಿ ಅದನ್ನೇ ಬರೆದುಬಿಟ್ಟಿತು. ಅಂಗನವಾಡಿಯ ದಿನಚರಿ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡು ಬಂದಿದ್ದೇನೆ. ಸೂಪರ್‌ವೈಸರ್‌ಗೆ ಗೊತ್ತಾದರೆ ಮೆಮೊ ಕೊಡುತ್ತಾಳೆ. ಕೊಡಲಿ. ಹದಿನೈದು ದಿನ ರಜೆ ಕೇಳಿದರೆ, ಗಂಡನನ್ನು ಹುಡುಕಲು ಹೋಗುವುದಕ್ಕೆ ಯಾವ ಲೀವ್ ಬರೆಯುತ್ತೀಯ ಎಂದು ನನ್ನನ್ನೇ ಕೇಳಿದವಳು.

ಬೆಳಗ್ಗೆ ನಲ್ಲಿಯ ಮುಂದೆ ಹನ್ನೊಂದು ಕೊಡ. ನಮ್ಮದು ಒಂಬತ್ತನೆಯದು. ಹಬ್ಬದ ದಿನವೂ ಜಗಳ. ಸುಭದ್ರಮ್ಮಕ್ಕನ ಮನೆ ಅಂದರೆ ಹಲಸೂರಿನ ಗಲ್ಲಿಯಲ್ಲಿ ಒಂದೇ ಕೋಣೆ. ಅದರೊಳಗೆ ಅಕ್ಕ, ಅವಳ ಗಂಡ ಭಗವಂತರಾಯಣ್ಣ, ಮೊನ್ನೆ ಶನಿವಾರದಿಂದ ನಾನು. ಇಬ್ಬರೂ ನಮ್ಮೂರಿನವರೇ, ಮುದಗಲ್ ಕಡೆಯವರು. ಅಣ್ಣ ಇಂದಿರಾನಗರದಲ್ಲಿ ಕಟ್ಟುತ್ತಿರುವ ಒಂದು ದೊಡ್ಡ ಮನೆಗೆ ವಾಚ್‌ಮನ್. ಅಕ್ಕ ಅದೇ ರಸ್ತೆಯಲ್ಲಿ ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಾಳೆ.

ಮನೆಯ ಮಾಲಕಿ ಮುನಿಶಾಮಮ್ಮ ಬೇವುಬೆಲ್ಲ ಕೊಟ್ಟಳು. ಹೂವಿನ ವ್ಯಾಪಾರದವಳು, ಅರವತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದು. ಬೆಲ್ಲವನ್ನು ಜಿಪುಣಿಯ ಹಾಗೆ ಹಾಕಿದ್ದಳು. ತಿಂದೆ.

ಇವರು — ನನ್ನ ಗಂಡ ಅಮರಪ್ಪ — ಕಳೆದ ಶ್ರಾವಣದಲ್ಲಿ ಗೌಂಡಿ ಕೆಲಸಕ್ಕೆಂದು ಈ ಊರಿಗೆ ಬಂದರು. ದೀಪಾವಳಿಯ ದಿನ ನಮ್ಮೂರ ಹಂಪಣ್ಣನ ಅಂಗಡಿಗೆ ಫೋನು ಮಾಡಿದ್ದೇ ಕೊನೆ. ಐದು ತಿಂಗಳಾಯಿತು. ಪತ್ರವಿಲ್ಲ, ಸುದ್ದಿಯಿಲ್ಲ. ಊರಿನಲ್ಲಿ ಎರಡು ಪಕ್ಷ. ಒಬ್ಬಳನ್ನು ಇಟ್ಟುಕೊಂಡಿದ್ದಾನೆ ಎನ್ನುವವರು ಹೆಚ್ಚು. ಇನ್ನೊಂದು ಪಕ್ಷದವರು ನನ್ನ ಮುಂದೆ ಬಾಯಿ ಬಿಡುವುದಿಲ್ಲ.

ನಾನು ಈಗಲೇ ಬರುವುದಕ್ಕೆ ಕಾರಣವಿದೆ. ಮೊಹರಂ. ಹುಟ್ಟಿದಾಗ ಇವರಿಗೆ ಉಸಿರು ಹಿಡಿದಿರಲಿಲ್ಲವಂತೆ. ಅತ್ತೆ ಕೂಸನ್ನು ಮಸೂತಿಯ ಕಟ್ಟೆಯ ಮೇಲೆ ಮಲಗಿಸಿ, ಬದುಕಿದರೆ ಹುಸೇನಸ್ವಾಮಿಯ ಫಕೀರನನ್ನಾಗಿ ಮಾಡುತ್ತೇನೆ ಎಂದು ಬೇಡಿಕೊಂಡಳು. ಆಗಿನಿಂದ ವರ್ಷಕ್ಕೆ ಹತ್ತು ದಿನ ಬರಿಗಾಲು, ನೆಲದ ಮೇಲೆ ಮಲಗುವುದು, ಐದು ಮನೆಯ ಭಿಕ್ಷೆ. ಕೊರಳಿಗೆ ಕೆಂಪು ಹಸಿರು ನೂಲಿನ ಲಾಡಿ. ಉಳಿದವರು ಹತ್ತನೇ ದಿನ ಅದನ್ನು ಬಿಚ್ಚುತ್ತಾರೆ, ಇವರು ವರ್ಷವಿಡೀ ಬಿಚ್ಚುವುದಿಲ್ಲ. ಹುಸೇನರ ಸಾವಿನ ಕಥೆಯ ರಿವಾಯತ್ ಪದ ಹಾಡಲು ನಿಂತರಂತೂ ಕರೆದರೂ ಕೇಳಿಸದು. ಹೆಂಡತಿಯನ್ನು ಮರೆಯಬಹುದು, ಮೊಹರಂನ ಬೆಳ್ಳಿ ಕೈ ದೇವರು ಕೂತ ಜಾಗದಿಂದ ದೂರ ಇರುವ ಮನುಷ್ಯನಲ್ಲ. ಬೆಂಗಳೂರಿನಲ್ಲಿ ದೇವರು ಎಲ್ಲಿ ಕೂಡುತ್ತವೋ ಅಲ್ಲಿ ಸಿಗುತ್ತಾರೆ.

ಸಂಜೆ ಮಾಳಿಗೆ ಹತ್ತಿದೆವು. ಯುಗಾದಿಯ ಚಂದ್ರನನ್ನು ಮುನಿಶಾಮಮ್ಮ ನನಗಿಂತ ಮೊದಲು ಕಂಡಳು. ಆಚೆ ಮಾಳಿಗೆಯ ಮೇಲೆ ಟೋಪಿ ಹಾಕಿದ ಇಬ್ಬರು ಮುದುಕರು ಅದೇ ಎಳೆಯನ್ನು ಹುಡುಕುತ್ತಿದ್ದರು. ನಾನು ಕೈ ಮಾಡಿ ತೋರಿಸಿದೆ. ಮೊಹರಂ ಚಂದ್ರ ಕಂಡಿತು.

೨೭ ಮಾರ್ಚ್, ಮಂಗಳ

ಊರಿನಲ್ಲಿ ಇಂದು ಮಸೂತಿಯ ಮುಂದೆ ಬೆಂಕಿಯ ಕುಣಿ ತೋಡಲು ಗುದ್ದಲಿ ಹಾಕಿರುತ್ತಾರೆ. ಇಲ್ಲಿ ಎಲ್ಲಿ ಹಾಕುತ್ತಾರೆ ಎಂದು ಅಕ್ಕನನ್ನು ಕೇಳಿದೆ. ನಾಲ್ಕು ವರ್ಷವಾಯಿತು, ನೋಡಿಲ್ಲ ಎಂದಳು. ಮುನಿಶಾಮಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ನಮ್ಮ ದೇವ್ರುಗಳು ಪಲ್ಲಕ್ಕಿ ಮೇಲೆ ಬೀದಿ ಬೀದಿ ಸುತ್ತುತ್ವೆ ಕಣಮ್ಮ. ನಿಮ್ಮೂರ್ದು ಬರೀ ಕೂತ್ಕೊಳ್ಳೋ ದೇವ್ರಾ?"

ಕೂತು ಕೂತು ಹತ್ತನೇ ದಿನ ಹೊಳೆಗೆ ಹೋಗುತ್ತವೆ ಎಂದೆ. ನಕ್ಕಳು. ಹುಣ್ಣಿಮೆಗೆ ಹಲಸೂರಿನ ಹೂವಿನ ಪಲ್ಲಕ್ಕಿ ಇದೆಯಂತೆ, ಅದನ್ನು ನೋಡದೆ ಹೋಗಬಾರದಂತೆ. ನನಗೆ ಹಬ್ಬ ನೋಡುವ ಹುಮ್ಮಸ್ಸು ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

೨೮ ಮಾರ್ಚ್, ಬುಧ

ಅಣ್ಣನ ಜೊತೆ ಕೆ.ಆರ್. ಪುರಂಗೆ. ಬಸ್ಸಿನಲ್ಲಿ ನಿಂತೇ ಹೋದದ್ದು. ರೈಲು ಹಳಿಯ ಮೇಲೆ ದೊಡ್ಡ ಸೇತುವೆ ಕಟ್ಟುತ್ತಿದ್ದಾರೆ, ಎಲ್ಲ ಕಡೆ ಧೂಳು. ಇವರು ಕೆಲಸ ಮಾಡಿದ್ದ ಬಿಲ್ಡಿಂಗ್ ಮುಗಿದು ಜನ ಬಂದಿದ್ದಾರೆ. ಮೂರನೇ ಮಹಡಿಯಲ್ಲಿ ಯಾರದೋ ಸೀರೆ ಒಣಗುತ್ತಿತ್ತು. ಇವರು ಗಿಲಾವು ಮಾಡಿದ ಗೋಡೆ ಯಾವುದೋ.

ಪಕ್ಕದ ಸೈಟಿನ ಶೆಡ್ಡಿನಲ್ಲಿ ಮಾನ್ವಿ ಕಡೆಯ ಗೌಂಡಿಯೊಬ್ಬ ಸಿಕ್ಕ. ಏನೆಂದು ಕೇಳಬೇಕು? ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ ಒಗಟಿನಲ್ಲಿ ಒಮ್ಮೆ, ಅಷ್ಟೇ. ಇಂದು ಸಿಮೆಂಟ್ ಚೀಲಗಳ ನಡುವೆ ನಿಂತು ಮೂರು ಸಲ ಹೇಳಿದೆ. ಅಮರಪ್ಪ. ಅಮರಪ್ಪ. ಪದ ಹಾಡುತ್ತಾರೆ, ಅಮರಪ್ಪ.

ಅವನಿಗೆ ನೆನಪಿತ್ತು. ಕಾರ್ತಿಕ ಮುಗಿಯುವ ಹೊತ್ತಿಗೆ ಮೇಸ್ತ್ರಿ ಎಲ್ಲರನ್ನೂ ಹೊಸೂರಿಗೆ ಕರೆದೊಯ್ದನಂತೆ. ಇವರು ಒಲ್ಲೆ ಎಂದು, ಶಿವಾಜಿನಗರದ ಕಡೆ ಕೆಲಸ ನೋಡುತ್ತೇನೆ ಎಂದು ಒಂದು ಸಂಜೆ ಚೀಲ ಹೆಗಲಿಗೆ ಹಾಕಿ ರಸ್ತೆ ಹಿಡಿದರಂತೆ. ಆಮೇಲೆ ಯಾರೂ ಕಂಡಿಲ್ಲ. ಹುಡುಕಿಲ್ಲವೇ ಎಂದೆ. ಬಂದವರು ಹೋದವರನ್ನು ಹುಡುಕುತ್ತ ಕೂತರೆ ಕೆಲಸ ಆಗುತ್ತದೆಯೇ ಎಂದ. ತಪ್ಪಿಲ್ಲ ಅವನದು.

ಶಿವಾಜಿನಗರ. ನನ್ನ ಲೆಕ್ಕ ಸರಿಯಾಗಿಯೇ ಇದೆ. ಅಲ್ಲಿ ಮುಸಲ್ಮಾನರು ಹೆಚ್ಚು, ದೇವರೂ ಅಲ್ಲೇ ಕೂಡುತ್ತವೆ. ಇವರೂ ಅದಕ್ಕೇ ಹೋಗಿದ್ದಾರೆ.

೩೦ ಮಾರ್ಚ್, ಶುಕ್ರ

ಕಾಲು ಊದಿದೆ. ಬೆಳಗ್ಗೆ ಹತ್ತರಿಂದ ಶಿವಾಜಿನಗರ. ರಸೆಲ್ ಮಾರ್ಕೆಟ್ ಸುತ್ತ ಎಷ್ಟು ಗಲ್ಲಿಗಳಿವೆಯೋ ಅಷ್ಟನ್ನೂ ತುಳಿದೆ. ಗುಲಾಬಿ ರಾಶಿ, ಮಾಂಸ, ಇಗರ್ಜಿಯ ಮೇಣದಬತ್ತಿ, ತಮಿಳು, ಉರ್ದು, ಇಂಗ್ಲಿಷ್. ಮೂಲೆ ಮೂಲೆಯಲ್ಲಿ ಹಸಿರು ಬಟ್ಟೆ ಕಟ್ಟಿ ಶರಬತ್ತು ಹಂಚುತ್ತಾರೆ. ಎರಡು ಕಡೆ ಕುಡಿದೆ. ಊರಿನಲ್ಲಿ ಇಷ್ಟೊಂದು ಬಣ್ಣ ನೋಡಿದ್ದರೆ ಅತ್ತೆಗೆ ವಾರವಿಡೀ ಹೇಳುತ್ತಿದ್ದೆ. ಇಲ್ಲಿ ಕಣ್ಣು ಬಣ್ಣ ಬಿಟ್ಟು ಬರೀ ಗಂಡಸರ ಮುಖ ನೋಡುತ್ತದೆ. ಸಾವಿರ ಮುಖ ನೋಡಿರಬೇಕು. ನನ್ನನ್ನು ಏನೆಂದು ತಿಳಿದರೋ.

"ದೇವರು ಎಲ್ಲಿ ಕೂತಾವ್ರಿ?" ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಒಬ್ಬ ಇಗರ್ಜಿ ತೋರಿಸಿದ. ಇನ್ನೊಬ್ಬ ಗಣೇಶನ ಗುಡಿ ತೋರಿಸಿದ. ಅತ್ತರು ಅಂಗಡಿಯವನು ಮಾತ್ರ, ಮುಸಲ್ಮಾನರಲ್ಲಿ ದೇವರು ಕೂಡುವುದಿಲ್ಲ ತಾಯಿ, ಹಾಗೆಲ್ಲ ಹೇಳಬಾರದು ಎಂದು ಮೆಲ್ಲಗೆ ಹೇಳಿದ. ಮುಖಕ್ಕೆ ಹೊಡೆದ ಹಾಗಾಯಿತು. ನಮ್ಮೂರಲ್ಲಿ ಮುಲ್ಲಾನೇ ದೇವರು ಕೂತಿವೆ ಎನ್ನುತ್ತಾನೆ.

ಅಲ್ಲೇ ಲೋಬಾನ ಕೊಳ್ಳುತ್ತಿದ್ದ ಒಬ್ಬ ಹೆಂಗಸು ಹೊರಗೆ ಬಂದು ನನ್ನನ್ನು ನಿಲ್ಲಿಸಿದಳು. ಕಪ್ಪು ಬುರ್ಖಾ, ನನ್ನದೇ ವಯಸ್ಸು ಇರಬಹುದು. ವಾಜಿದಾ ಅಂತ. ಮಾರ್ಕೆಟ್ಟಿನ ಹಿಂದೆ ಮನೆ, ಬುರ್ಖಾ ಹೊಲಿಯುತ್ತಾಳೆ. ಅವಳ ಕನ್ನಡ, ನನ್ನ ಊರ ಉರ್ದು, ಎರಡೂ ಕುಂಟು. ಸೇರಿದರೆ ನಡೆಯುತ್ತದೆ. ಆಲಂ ನೋಡಬೇಕಾ ಎಂದಳು. ಬೆಳ್ಳಿಯ ಕೈ, ರೇಷ್ಮೆ ಬಟ್ಟೆ ಸುತ್ತಿದ್ದು — ನಾವು ದೇವರು ಎನ್ನುವುದನ್ನೇ ಇವರು ಆಲಂ ಎನ್ನುತ್ತಾರೆ. ರಿಚರ್ಡ್ಸ್ ಟೌನಿನ ಹತ್ತಿರ ಅವಳ ಬಳಗದವರ ಮನೆಯಲ್ಲಿ ಇಟ್ಟಿದ್ದಾರಂತೆ. ಭಾನುವಾರ ಮಧ್ಯಾಹ್ನ ಹೆಂಗಸರು ಸೇರುತ್ತಾರೆ, ಬಾ ಎಂದಳು. ಹಾಡುವ ಗಂಡಸರು ಬರುತ್ತಾರಾ ಎಂದೆ. ಬರುತ್ತಾರೆ, ಹೊರಗೆ ಅವರದೇ ಬೇರೆ ಸಭೆ ಸೇರುತ್ತದೆ ಎಂದಳು.

ಐದು ತಿಂಗಳಲ್ಲಿ ಇವತ್ತು ಮೊದಲ ಸಲ ಹೊಟ್ಟೆ ತುಂಬ ಉಂಡೆ.

೧ ಏಪ್ರಿಲ್, ಭಾನುವಾರ. ಸಂಜೆ

ನಾಚಿಕೆ. ಇದನ್ನು ಬರೆಯದೆ ಬಿಡಬೇಕೆಂದಿದ್ದೆ.

ಹಬ್ಬಕ್ಕೆ ಹೋಗುವ ಹಾಗೆ ಹೋದೆ. ಇಳಕಲ್ ಸೀರೆ, ಆ ಟೊಮೆಟೊ ಕೆಂಪಿನದು. ಮುನಿಶಾಮಮ್ಮ ಕೊಟ್ಟ ಕನಕಾಂಬರ ಮುಡಿದೆ. ಹೊಸ ಹಸಿರು ಬಳೆ. ದೇವರ ಮುಂದಿಟ್ಟು ಫಾತಿಹಾ ಓದಿಸಲು ಸಕ್ಕರೆ ಪೊಟ್ಟಣ. ಇವರು ಅಲ್ಲಿದ್ದರೆ ನೋಡಲಿ ಎಂದೂ ಇತ್ತು ಮನಸ್ಸಿನಲ್ಲಿ, ಸುಳ್ಳು ಯಾಕೆ.

ಒಳಗೆ ಕಾಲಿಟ್ಟರೆ ಎಲ್ಲರೂ ಕಪ್ಪು. ನಲವತ್ತು ಐವತ್ತು ಹೆಂಗಸರು, ಒಬ್ಬರ ಕೈಯಲ್ಲೂ ಬಳೆಯಿಲ್ಲ, ಒಬ್ಬರ ತಲೆಯಲ್ಲೂ ಎಣ್ಣೆಯಿಲ್ಲ. ಅಳುತ್ತಿದ್ದರು. ಮನೆಯಲ್ಲಿ ಈಗ ತಾನೆ ಯಾರೋ ಸತ್ತಿದ್ದಾರೆ ಎಂದುಕೊಂಡೆ. ಹೊರಗೆ ಓಡಿಬಿಡುತ್ತಿದ್ದೆ, ವಾಜಿದಾ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಕುಣಿತ ಯಾವಾಗ ಶುರುವಾಗುತ್ತದೆ ಎಂದು ಅವಳ ಕಿವಿಯಲ್ಲಿ ಕೇಳಿದೆ. ದೇವರೇ, ಅದನ್ನೂ ಕೇಳಿದೆ. ಹುಸೇನರು ಸತ್ತ ದಿನಗಳಲ್ಲಿ ಕುಣಿಯುತ್ತಾರೇನು ಎಂದಳು. ಬೈದು ಹೇಳಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದಳು.

ನಾವು ಕುಣಿಯುತ್ತೇವೆ. ಹುಲಿ ವೇಷ ಹಾಕುತ್ತೇವೆ, ಹೆಜ್ಜೆ ಹಾಕುತ್ತೇವೆ, ಬೆಲ್ಲದ ಚೊಂಗೆ ಮಾಡಿ ತಿನ್ನುತ್ತೇವೆ. ಆದರೆ ಪದ ಹಾಡುವಾಗ ನಾವೂ ಅಳುತ್ತೇವೆ. ಇದನ್ನು ಹೇಗೆ ಹೇಳುವುದು ಎಂದು ತಿಳಿಯದೆ ಸಕ್ಕರೆ ಪೊಟ್ಟಣವನ್ನು ಸೆರಗಿನ ಒಳಗೆ ಬಚ್ಚಿಟ್ಟು ಕೂತೆ. ಸೀರೆಯ ಕೆಂಪು ಮಾತ್ರ ಎಲ್ಲಿಯೂ ಬಚ್ಚಿಡಲಾಗಲಿಲ್ಲ.

ಹುಸೇನರ ಕಥೆ ಓದುತ್ತಿದ್ದವಳು ನಿಲ್ಲಿಸಿದ ಮೇಲೆ ಒಬ್ಬ ಮುದುಕಿ ನನ್ನ ಗಲ್ಲ ಹಿಡಿದು, ನಿಮ್ಮೂರಲ್ಲಿ ಇಮಾಮರಿಗೆ ಏನು ಮಾಡುತ್ತೀರಿ ಎಂದು ಕೇಳಿದಳು. ಹಾಡುತ್ತೇವೆ ಎಂದೆ. ಹಾಡು ಎಂದರು. ಒಲ್ಲೆ ಎಂದೆ. ನನ್ನ ಗಂಡ ಹಾಡುತ್ತಾರೆ, ನಾನಲ್ಲ. ಬಿಡಲಿಲ್ಲ. ಇವರು ಪ್ರತಿ ವರ್ಷ ಎತ್ತುವ, ಹುಸೇನರಿಗೆ ನೀರು ಸಿಗದ ಪದವನ್ನೇ ಎತ್ತಿದೆ.

ಹೊಳಿ ದಂಡ್ಯಾಗ ನಿಂತು ಹನಿ ನೀರ ಬೇಡ್ಯಾನ
ಹೊಳಿಯೇನ ಬತ್ತಿತ್ತೇನ, ಕೊಡವಲ್ರು ನೀರ...

ಕನ್ನಡ ಅರ್ಧ ಜನಕ್ಕೆ ತಿಳಿಯದು. ಆದರೂ ಸುಮ್ಮನೆ ಕೇಳಿದರು, ಮುದುಕಿ ಎದೆ ಮೇಲೆ ಕೈಯಿಟ್ಟು ತೂಗಿದಳು. ಎರಡನೇ ಸಾಲು ಎರಡನೇ ಸಲ ಹೇಳುವಾಗ ವಾಜಿದಾ ಎದ್ದು ಹೊರಗೆ ಹೋದಳು. ತಿರುಗಿ ಬರಲಿಲ್ಲ. ಮುಗಿದ ಮೇಲೆ ಹುಡುಕಿದರೆ ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ನಿನ್ನ ಗಂಡನ ಕೊರಳಲ್ಲಿ ಏನಾದರೂ ಇತ್ತಾ ಎಂದು ಕೇಳಿದಳು. ಲಾಡಿಯ ಬಗ್ಗೆ ಹೇಳಿದೆ. ಹಲಸೂರಿನ ಮನೆಯ ಗುರುತು ಕೇಳಿಕೊಂಡಳು. ಒಳಗೆ ಹೋಗಿಬಿಟ್ಟಳು. ಹಾಡಬಾರದ್ದನ್ನು ಹಾಡಿದೆನೋ ಏನೋ.

೨ ಏಪ್ರಿಲ್, ಸೋಮ

ಅಲ್ಲ. ಅವಳಿಗೆ ಏನೋ ಗೊತ್ತು. ಕೊರಳಲ್ಲಿ ಏನಿತ್ತು ಎಂದು ಸುಮ್ಮನೆ ಯಾರು ಕೇಳುತ್ತಾರೆ? ಎಲ್ಲೋ ನೋಡಿದ್ದಾಳೆ. ಅವಳ ಗಲ್ಲಿಯಲ್ಲೇ ಇರಬೇಕು ಇವರು. ಇನ್ನೊಬ್ಬಳ ಜೊತೆ ಇದ್ದರೆ? ಇರಲಿ. ಇದ್ದರೆ ಸಾಕು ಎಂದು ಇವತ್ತು ಮೊದಲ ಸಲ ಅನ್ನಿಸಿತು. ಬೈದು ಕರೆದುಕೊಂಡು ಹೋಗುತ್ತೇನೆ. ಬಾರದಿದ್ದರೂ ನೋಡಿಕೊಂಡು ಹೋಗುತ್ತೇನೆ.

ಹೋಗುವ ಹಿಂದಿನ ದಿನ ನಾನು ಆಡಿದ ಮಾತು: ವರ್ಷಕ್ಕೆ ಹತ್ತು ದಿನ ಫಕೀರ ಆದರೆ ಸಾಕು, ವರ್ಷಪೂರ್ತಿ ಬ್ಯಾಡ. ನಕ್ಕಿದ್ದರು. ನಗುತ್ತಲೇ ಬಟ್ಟೆ ತುಂಬಿಕೊಂಡಿದ್ದರು.

೫ ಏಪ್ರಿಲ್, ಗುರುವಾರ

ಹತ್ತನೇ ದಿನ. ವಾಜಿದಾ ಬರಲಿಲ್ಲ. ನಾನೇ ರಿಚರ್ಡ್ಸ್ ಟೌನಿನ ಮೆರವಣಿಗೆಗೆ ಹೋದೆ, ಈ ಸಲ ಸುಭದ್ರಮ್ಮಕ್ಕನ ಕಂದು ಸೀರೆ ಉಟ್ಟು. ಬಳೆ ತೆಗೆಯಲು ಅಕ್ಕ ಬಿಡಲಿಲ್ಲ. ಗಂಡ ಇರುವವಳು ಬರಿಗೈ ಮಾಡಬಾರದು ಎಂದಳು.

ಗಂಡಸರು ಅಂಗಿ ತೆಗೆದು ಎದೆ ಬಡಿದುಕೊಳ್ಳುತ್ತ ಬಂದರು. ಒಂದೇ ತಾಳ, ಒಂದೇ ಹೆಸರು. ಹಲಗೆಯಿಲ್ಲ, ಕುಣಿತವಿಲ್ಲ, ಬೆಂಕಿಯಿಲ್ಲ. ರಸ್ತೆಯ ಅಂಚಿನಲ್ಲಿ ಪೊಲೀಸರು, ಆಚೆ ಬಸ್ಸುಗಳು ಹಾರ್ನ್ ಹೊಡೆಯುತ್ತ ನಿಂತಿದ್ದವು. ಒಂದೊಂದೇ ಎದೆ, ಒಂದೊಂದೇ ಕೊರಳು ನೋಡಿದೆ. ಮೆರವಣಿಗೆ ಮುಗಿದು ರಸ್ತೆ ಗುಡಿಸುವವರು ಬರುವವರೆಗೆ ನಿಂತೆ. ಇಲ್ಲ. ದೇವರು ಹೊಳೆಗೆ ಹೋಗುವ ದಿನವೂ ಬಾರದವರು ಇನ್ನು ಯಾವ ದಿನಕ್ಕೆ ಬರುತ್ತಾರೆ.

ವಾಜಿದಾಳ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದದ್ದು ಅವಳ ಅಣ್ಣ. ಅವಳು ಮನೆಯಲ್ಲಿಲ್ಲ ಎಂದ. ಒಳಗೆ ಹೊಲಿಗೆ ಮಿಷನ್ ಓಡುತ್ತಿತ್ತು. ನಾನು ನಿಂತಷ್ಟು ಹೊತ್ತು ಅವನು ನನ್ನ ಮುಖ ನೋಡಲಿಲ್ಲ.

೮ ಏಪ್ರಿಲ್, ಭಾನುವಾರ

ರಜೆ ನಿನ್ನೆಗೆ ಮುಗಿಯಿತು.

ಬೆಳಗ್ಗೆಯಿಂದ ಮುನಿಶಾಮಮ್ಮನ ಅಂಗಳದಲ್ಲಿ ಹೂವಿನ ಬುಟ್ಟಿಗಳು. ಇವತ್ತು ಪಲ್ಲಕ್ಕಿ. ಬೀದಿಗೊಂದು ದೇವರು, ದೇವರಿಗೊಂದು ಪಲ್ಲಕ್ಕಿ. ಬಿದಿರು ಚೌಕಟ್ಟಿಗೆ ಮಲ್ಲಿಗೆ ಹೆಣೆದು ಗೋಪುರದಷ್ಟು ಎತ್ತರಕ್ಕೆ ಏರಿಸುತ್ತಿದ್ದರು. ನನಗೂ ಬಾಳೆನಾರು ಕೊಟ್ಟು ಕೂರಿಸಿದಳು. ಗಲ್ಲಿಯ ಬಾಯಲ್ಲಿ ಕ್ರಿಶ್ಚಿಯನ್ನರು ಗರಿ ಹಿಡಿದು ತಮಿಳಿನಲ್ಲಿ ಹಾಡುತ್ತ ಹೋದರು. ಅವರದೂ ಇವತ್ತು ಏನೋ ಇದೆಯಂತೆ. ಈ ಊರಿನಲ್ಲಿ ಒಬ್ಬರ ಹಬ್ಬ ಮುಗಿದರೆ ಇನ್ನೊಬ್ಬರದು ಹಿಡಿಯುತ್ತದೆ. ಯಾರಿಗೂ ಬಿಡುವಿಲ್ಲ.

ಹನ್ನೊಂದರ ಹೊತ್ತಿಗೆ ವಾಜಿದಾ ಬಂದಳು. ಹೂವಿನ ರಾಶಿಯ ಆಚೆ ನಿಂತಳು, ತುಳಿಯಬಾರದೆಂದು. ಕೋಣೆಯೊಳಗೆ ಕರೆದೆ. ಕೂರಲಿಲ್ಲ.

"ನೀವು ಹಾಡಿದ್ರಲ್ಲ, ಆ ಪದ ನಾನು ಮೊದ್ಲೇ ಕೇಳಿದ್ದೆ" ಎಂದಳು. "ದೊಡ್ಡಾಸ್ಪತ್ರೇಲಿ."

ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. ಡಿಸೆಂಬರಿನಲ್ಲಿ, ಅವರ ರಂಜಾನ್ ತಿಂಗಳಲ್ಲಿ, ಅವಳ ತಂದೆಯನ್ನು ಉಬ್ಬಸಕ್ಕೆ ಸೇರಿಸಿದ್ದರು. ಪಕ್ಕದ ಮಂಚಕ್ಕೆ ಒಬ್ಬನನ್ನು ತಂದು ಹಾಕಿದರು. ಹಳೇ ಮದ್ರಾಸು ರಸ್ತೆಯಲ್ಲಿ ಯಾವುದೋ ಗಾಡಿ ಹೊಡೆದು ಹೋಗಿತ್ತು. ತಲೆಗೆ ಪೆಟ್ಟು. ಚೀಲವಿಲ್ಲ, ಚೀಟಿಯಿಲ್ಲ, ಹೆಸರಿಲ್ಲ. ನಾಲ್ಕು ದಿನ ಇದ್ದ. ಯಾರು ಕೇಳಿದರೂ ಉತ್ತರವಿಲ್ಲ, ಆದರೆ ನಡುನಡುವೆ ಹಾಡುತ್ತಿದ್ದ. ಹೊಳೆ, ನೀರು, ಹುಸೇನ. ಡಾಕ್ಟರು ನೀರು ಕೊಡಬೇಡಿ ಎಂದಿದ್ದರು. ಅವಳು ಹತ್ತಿ ಒದ್ದೆ ಮಾಡಿ ತುಟಿಗೆ ಹಚ್ಚುತ್ತಿದ್ದಳು. ಕೊರಳಲ್ಲಿ ಕೆಂಪು ಹಸಿರು ದಾರ. ತಂದೆ ಮಲಗಿದಲ್ಲಿಂದಲೇ ಹೇಳಿದರಂತೆ — ಬಿಜಾಪುರ, ರಾಯಚೂರು ಕಡೆಯ ನಮ್ಮವರು ಕನ್ನಡದಲ್ಲೇ ಅಳುತ್ತಾರೆ, ಇವನು ನಮ್ಮವನು.

ಒಂಬತ್ತನೇ ತಾರೀಕು ಶನಿವಾರ ಬೆಳಗ್ಗೆ ಇವರು ಹೋದರಂತೆ. ಪೊಲೀಸರು ಮೂರು ದಿನ ಕಾದರು. ಯಾರೂ ಬರಲಿಲ್ಲ. ವಾಜಿದಾಳ ಅಣ್ಣ ನಾಲ್ಕು ಜನ ಗೆಳೆಯರನ್ನು ಸೇರಿಸಿ, ಕಾಗದಕ್ಕೆ ಸಹಿ ಹಾಕಿ ತಂದು ಮಣ್ಣು ಮಾಡಿದ. ಮೈ ತೊಳೆದವರಿಗೆ ಸಂಶಯ ಬಂತಂತೆ, ಇವನು ಮುಸಲ್ಮಾನನಲ್ಲ ಎಂದು. ಯಾಕೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಾಯಿತು. ಆಸ್ಪತ್ರೆಗೆ ಓಡಿ ತಂದೆಯನ್ನು ಕೇಳಿದರೆ, "ಕಡೇ ಉಸಿರಲ್ಲಿ ಯಾರ್ ಹೆಸರು ಕರೆದ ಅಂತ ನಾನು ಕೇಳಿದೀನಿ. ನೀವು ತೊಳೀರಿ" ಎಂದರಂತೆ. ನಲವತ್ತನೇ ದಿನ ತಮ್ಮ ಮನೆಯಲ್ಲೇ ಫಾತಿಹಾ ಓದಿಸಿದರು. ಮತ್ತೆ ಎರಡು ವಾರಕ್ಕೆ ಆ ತಂದೆಯೂ ಹೋದರು.

ಒಂದು ವಾರ ಯಾಕೆ ಬರಲಿಲ್ಲ ಎಂದು ಕೇಳಿದೆ. ಅಣ್ಣ ಬೇಡ ಎಂದನಂತೆ. ಹಿಂದೂ ಹೆಣವನ್ನು ತಮ್ಮ ಖಬರಸ್ತಾನದಲ್ಲಿ ಹೂತರು ಎಂದು ನಿಮ್ಮವರು ಜನ ಕಟ್ಟಿಕೊಂಡು ಬಂದರೆ ಯಾರು ಉತ್ತರ ಹೇಳುವುದು ಎಂದನಂತೆ. ಹೆದರಿಕೊಂಡೇ ಬಂದಿದ್ದಳು.

ನಾನು ಏನು ಮಾಡಿದೆ? ನೀರು ಕೊಟ್ಟೆ ಅವಳಿಗೆ. ಗಟಗಟ ಕುಡಿದಳು. ಆಮೇಲೆ ಹೊರಗೆ ಹೋಗಿ, ಅರ್ಧ ಕಟ್ಟಿದ್ದ ಮಲ್ಲಿಗೆ ಸರವನ್ನು ಪೂರ್ತಿ ಕಟ್ಟಿದೆ. ಮುನಿಶಾಮಮ್ಮ ಮುಖ ನೋಡಿ ಕೈಯಿಂದ ನಾರು ಕಿತ್ತುಕೊಂಡಳು.

ಪಲ್ಲಕ್ಕಿಗಳು ಸಂಜೆ ಹೊರಟವು. ನಾದಸ್ವರ ಕೇಳುತ್ತಿತ್ತು. ನೋಡಲಿಲ್ಲ.

೯ ಏಪ್ರಿಲ್, ಸೋಮ

ಖಬರಸ್ತಾನಕ್ಕೆ ಹೋಗಿ ಬಂದೆ. ಹೆಂಗಸರು ಒಳಗೆ ಬರುವ ಪದ್ಧತಿಯಿಲ್ಲ. ವಾಜಿದಾ ಗೇಟಿನ ಹೊರಗೇ ನಿಂತಳು. ಅವಳ ಅಣ್ಣ ಕಾವಲುಗಾರನಿಗೆ ಏನೋ ಹೇಳಿದ. ಮುದುಕ ನಮ್ಮ ಕಡೆ ಬೆನ್ನು ಮಾಡಿ ಕೂತು ಬೀಡಿ ಹಚ್ಚಿದ. ಒಳಗೆ ಹೋದೆ.

ಮಣ್ಣು ಕುಸಿದಿದೆ. ತಲೆಯ ಕಡೆ ಒಂದು ಸೈಜುಗಲ್ಲು ನೆಟ್ಟಿದ್ದಾರೆ, ಸ್ವಲ್ಪ ಓರೆ. ಇವರು ನೋಡಿದ್ದರೆ ಯಾವ ಗೌಂಡಿ ಕೂಡಿಸಿದ್ದು ಎಂದು ಕಿತ್ತು ಮತ್ತೆ ಕೂಡಿಸುತ್ತಿದ್ದರು. ನಾನು ಎರಡೂ ಕೈಯಿಂದ ಒತ್ತಿ ನೆಟ್ಟಗೆ ಮಾಡಿದೆ. ಅಳು ಬಂತು ಆಗ. ಜೋರಾಗಿಯೇ ಅತ್ತೆ. ವಾಜಿದಾಳ ಅಣ್ಣ ದೂರ ಹೋಗಿ ನಿಂತ.

ಬಂದು ಈ ಪುಸ್ತಕದ ಹಿಂದಿನ ಹಾಳೆ ತೆಗೆದೆ. ತೆಗೆಯಬಾರದಿತ್ತು.

೯ ಡಿಸೆಂಬರ್ ೨೦೦೦, ಶನಿವಾರ. ಮಕ್ಕಳ ಹಾಜರಿ: ೨೨. ಆಹಾರ: ಉಪ್ಪಿಟ್ಟು. ತೂಕ ಮಾಡಿದ್ದು: ೯ ಮಕ್ಕಳು. ವಿಶೇಷ: ಏನೂ ಇಲ್ಲ.

ನನ್ನ ಅಕ್ಷರವೇ. ಎಷ್ಟು ದುಂಡಗೆ ಬರೆದಿದ್ದೇನೆ.

೧೦ ಏಪ್ರಿಲ್, ಮಂಗಳ

ಭಗವಂತರಾಯಣ್ಣ ಕುದಿಯುತ್ತಿದ್ದಾನೆ. ನಿನ್ನೆಯಿಂದ ಡ್ಯೂಟಿಗೆ ಹೋಗಿಲ್ಲ. ಸ್ಟೇಷನ್ನಿಗೆ ಹೋಗೋಣ, ಅರ್ಜಿ ಕೊಡೋಣ, ತೆಗೆಸೋಣ, ಊರಿಗೆ ಒಯ್ದು ನಮ್ಮ ಹೊಲದಲ್ಲಿ ಇಡೋಣ ಎನ್ನುತ್ತಾನೆ. ಅವನದು ಕೆಟ್ಟ ಮನಸ್ಸಲ್ಲ. ತಾನು ಇದೇ ಊರಿನಲ್ಲಿದ್ದು, ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದವನನ್ನು ನೋಡಲಿಲ್ಲ ಎಂಬ ಉರಿ. ಅದನ್ನು ಬೇರೆಯವರ ಮೇಲೆ ಹಾಕಬೇಕಾಗಿದೆ.

"ನಮ್ಮ ಮಂದೀಗೆ ಏನಂತ ಹೇಳ್ತಿ? ಮಂತ್ರ ಇಲ್ಲ, ವಿಭೂತಿ ಇಲ್ಲ. ಯಾರು ಏನು ಮಾಡ್ಯಾರ ಅವನಿಗೆ?"

"ಎಲ್ಲಾ ಮಾಡ್ಯಾರಣ್ಣ" ಎಂದೆ. "ನಾವು ಮಾಡಲಾರದ್ದು ಮಾಡ್ಯಾರ. ತುಟಿಗೆ ನೀರು ಹಚ್ಯಾರ. ಅಲ್ಲೇ ಇರ್ಲಿ."

ಜಾತಿಯವರು ಸುಮ್ಮನಿರುವುದಿಲ್ಲ ಎಂದ. ಸುಮ್ಮನಿರುವುದಿಲ್ಲ, ನನಗೂ ಗೊತ್ತು. ಐದು ತಿಂಗಳು ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದವರೇ ಈಗ ಮಣ್ಣು ಯಾರದು ಎಂದು ಕೇಳುತ್ತಾರೆ. ಕೇಳಲಿ. ನಾನು ಅರ್ಜಿಗೆ ಸಹಿ ಹಾಕುವುದಿಲ್ಲ. ಹೆಂಡತಿ ಸಹಿ ಇಲ್ಲದೆ ಯಾರೂ ಗುದ್ದಲಿ ಎತ್ತುವಂತಿಲ್ಲ. ವಾಜಿದಾಳ ಅಣ್ಣನಿಗೆ ಹಾಗೆಂದೇ ಹೇಳಿ ಕಳಿಸಿದೆ, ಹೆದರಬೇಡ ಎಂದು.

ಸುಭದ್ರಮ್ಮಕ್ಕ ಈಗ ಬಂದು, ಬಳೆ ಇಲ್ಲಿ ತೆಗೆಯುತ್ತೀಯೋ ಊರಲ್ಲೋ ಎಂದು ಕೇಳಿದಳು. ಊರಲ್ಲಿ ಎಂದೆ. ಅತ್ತೆಗೆ ಮೊದಲು ಹೇಳದೆ ತೆಗೆದರೆ ಅವಳ ಮಗನನ್ನು ನಾನೊಬ್ಬಳೇ ಸಾಯಿಸಿದ ಹಾಗೆ.

೧೧ ಏಪ್ರಿಲ್, ಬುಧವಾರ. ಮಧ್ಯಾಹ್ನ ಮೂರೂವರೆ

ಸಂಜೆ ಏಳಕ್ಕೆ ಬಸ್ಸು. ಬಟ್ಟೆ ತುಂಬಿಯಾಯಿತು.

ಊರಿಗೆ ಹೋಗಿ ಮುಖ ನೋಡಿ ಹೇಳಬೇಕೆಂದಿದ್ದೆ. ಆದರೆ ಬಸ್ಸು ಮುಟ್ಟುವ ಹೊತ್ತಿಗೆ ಅತ್ತೆ ಸ್ಟ್ಯಾಂಡಿಗೆ ಬಂದು ನಿಂತಿರುತ್ತಾಳೆ, ನಾನು ಇಳಿದ ಮೇಲೂ ನನ್ನ ಹಿಂದೆ ಬಾಗಿಲನ್ನೇ ನೋಡುತ್ತಾಳೆ. ಅದನ್ನು ಮನಸ್ಸಿನಲ್ಲಿ ನೋಡಿದ ಮೇಲೆ ತಡೆಯಲಾಗಲಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಮೊದಲೇ ಹೇಳಿದ್ದರೆ ಒಳ್ಳೆಯದು ಎಂದು ಎಸ್‌ಟಿಡಿ ಬೂತಿಗೆ ಹೋಗಿ ಹಂಪಣ್ಣನ ಅಂಗಡಿಗೆ ಹಚ್ಚಿದೆ. ಅವನಿಗೆ ಹೇಳುವುದು, ಅವನು ನಾಲ್ಕು ಹಿರಿಯರನ್ನು ಕರೆದುಕೊಂಡು ಹೋಗಿ ಅತ್ತೆಗೆ ಹೇಳುವುದು. ಲೆಕ್ಕ ಹಾಗಿತ್ತು.

ಹಲೋ ಎಂದ ಕೂಡಲೇ ಅವನು, ಇಲ್ಲೇ ಅದಾಳ ನೋಡವಾ ಎಂದ. ದಿನಾ ಮಧ್ಯಾಹ್ನ ಬಂದು ಫೋನಿನ ಪಕ್ಕ ಕೂರುತ್ತಾಳಂತೆ. ನಾನು, ಹಂಪಣ್ಣ, ಕೊಡಬೇಡ, ಮೊದಲು ನಾ ಹೇಳೋದು ಕೇಳು ಎಂದೆ. ಲೈನು ಗರಗರ ಎನ್ನುತ್ತಿತ್ತು. ಕೇಳಿಸಿತೋ ಇಲ್ಲವೋ. ಬೆಂಗಳೂರಿಂದ, ಬೆಂಗಳೂರಿಂದ ಎಂದು ಅವನು ಕೂಗಿ ಹೇಳುವುದು ಮಾತ್ರ ನನಗೆ ಕೇಳಿಸಿತು.

ಆಮೇಲೆ ಉಸಿರು. ಅತ್ತೆ ಫೋನು ಹಿಡಿದವಳಲ್ಲ. ಯಾವ ಕಡೆ ಬಾಯಿ ಇಡಬೇಕು ಎಂದು ಅವನನ್ನು ಕೇಳುತ್ತಿದ್ದಳು. ಅವನು ನಗುತ್ತಿದ್ದ. ಯಾರು ಮಾತಾಡುತ್ತಿದ್ದಾರೆ ಎಂದು ಅವಳಿಗೆ ಅವನು ಹೇಳಿರಲಿಲ್ಲ.

"ಅಮರೂ" ಎಂದಳು. "ಉಂಡೀಯೇನಪ್ಪಾ?"

"ನಾನು, ಅತ್ತೀ, ನಾನು" ಎಂದೆ.